ಕ್ರಾಸಿಂಗಿಗೆ ಹುಟ್ಟಿದ ಠೇಸನ್, ಸಂತೆಗೆ ಬದುಕಿದ ಊರು

ರಾಣೆಬೆನ್ನೂರು ಸೀಮೆಯಲ್ಲಿ ‘ಕ್ರಾಸಿಂಗ್’ ಅನ್ನುವ ಮಾತಿಗೆ ಎರಡು ಅರ್ಥ. ಬೀಜೋತ್ಪಾದನೆಯ ಹೊಲಕ್ಕೆ ಕೂಲಿಗೆ ಹೊರಟ ಹೆಣ್ಣುಮಕ್ಕಳ ಬಾಯಲ್ಲಿ ಅದು ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಮುಟ್ಟಿಸುವ ನಾಜೂಕು ಕೆಲಸ. ಠೇಸನ್ನಿನ ಬೆಂಚಿನ ಮೇಲೆ ಕೂತು ಮುಪ್ಪಾದವರ ಬಾಯಲ್ಲಿ ಅದು ಎದುರುಗಾಡಿ ಬಂದು ಹೋಗುವ ತನಕ ತಮ್ಮ ಗಾಡಿ ಕಾಯುತ್ತ ನಿಲ್ಲುವ ಪಾಡು. “ಯಾಕ್ರೀ ಮಾಸ್ತರ, ಗಾಡಿ ಇನ್ನೂ ಬಿಡವಲ್ದು?” “ಕ್ರಾಸಿಂಗ್ ಐತ್ರೀ ಯಜಮಾನ್ರ, ಒಂದ್ ಚಾ ಕುಡೀರಿ.” ನೂರು ವರ್ಷಕ್ಕೂ ಮಿಕ್ಕಿ ಈ ದಾರಿಯಲ್ಲಿ ನಡೆದು ಬಂದ ಮಾತುಕತೆ ಇದು. ಮೊದಲ ಅರ್ಥ ಇನ್ನೂ ಹೊಲದಲ್ಲಿ ಚುರುಕಾಗಿದೆ. ಎರಡನೆಯದು ಜೋಡಿ ಹಳಿ ಬಿದ್ದ ಮೇಲೆ ಸವೆಯತೊಡಗಿದೆ. ಹಾವೇರಿ ಜಿಲ್ಲೆಯ ಸಣ್ಣ ಠೇಸನ್‌ಗಳು ಯಾಕೆ ಹುಟ್ಟಿದವು, ಹೇಗೆ ಬಾಳಿದವು, ಈಗ ಯಾಕೆ ಬಿಕೋ ಅನ್ನುತ್ತಿವೆ ಎಂಬುದಕ್ಕೆಲ್ಲ ಆ ಸವೆದ ಅರ್ಥದಲ್ಲೇ ಉತ್ತರವಿದೆ.

ಹುಬ್ಬಳ್ಳಿಯಿಂದ ಹರಿಹರಕ್ಕೆ ಹಳಿ ಸುಮಾರು 130 ಕಿಲೋಮೀಟರು. ಕುಂದಗೋಳ, ಸಂಶಿ, ಗುಡಗೇರಿ ದಾಟಿದ ಗಾಡಿ ಯಲವಿಗಿ, ಸವಣೂರು, ಕರಜಗಿ, ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು, ಚಳಗೇರಿ ಎಂಬ ಹಳದಿ ಫಲಕಗಳನ್ನು ಒಂದೊಂದಾಗಿ ಓದಿಸುತ್ತ ತುಂಗಭದ್ರೆಯ ಸೇತುವೆ ಏರುತ್ತದೆ. ಹಳಿ ಒಂದೇ, ಬಂದ ಕಾಲವೂ ಒಂದೇ, ಕಟ್ಟಿದ ಕಂಪನಿಯೂ ಒಂದೇ. ಆದರೂ ಇವುಗಳಲ್ಲಿ ಮೂರು ಊರುಗಳು ಪೇಟೆಗಳಾಗಿ ಬೆಳೆದವು, ಉಳಿದವು ಫಲಕದ ಅಳತೆಗೇ ನಿಂತವು. ರೈಲು ಊರನ್ನು ಕಟ್ಟುತ್ತದೆ ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಆ ಮಾತನ್ನು ಒರೆಗೆ ಹಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಸಿಗಲಿಕ್ಕಿಲ್ಲ.

ಹಳಿಗಿಂತ ಹಿಂದಿನ ದಾರಿ

ಹಳಿ ಬರುವ ಮುಂಚೆ ಈ ಸೀಮೆ ಪಡುವಣಕ್ಕೆ ಮುಖ ಮಾಡಿತ್ತು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿ ಹತ್ತಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಹತ್ತಿ ಬೆಳೆದವರು ಬಯಲಿನವರು, ಹೆಸರು ಗಿಟ್ಟಿಸಿದ್ದು ಬಂದರು: ಪರದೇಶದ ಮಾರುಕಟ್ಟೆಯಲ್ಲಿ ಇಲ್ಲಿಯ ಅರಳೆಯನ್ನು ‘ಕುಮಟಾ ಹತ್ತಿ’ ಎಂದೇ ಕರೆಯುತ್ತಿದ್ದರು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಇತ್ತ ತಿರುಗಿದವು. ಹತ್ತಿಯ ಬೆಲೆ ಏರಿತು. ದಾರಿ ಮಾತ್ರ ಎತ್ತಿನ ಗೊರಸು ನಡೆದಷ್ಟೇ ಉಳಿಯಿತು. ಮಳೆಗಾಲ ಹಿಡಿದರೆ ಘಟ್ಟ ಬಂದ್, ಎರೆಭೂಮಿಯ ರಸ್ತೆ ಕೆಸರು, ಗಾಡಿಯ ಅಚ್ಚು ಹೂತರೆ ಎತ್ತಲು ಮತ್ತೆರಡು ಜೋಡಿ ಎತ್ತು ಬೇಕು.

ಆಮೇಲೆ ಬಂದದ್ದು 1876ರಿಂದ 78ರ ಬರ. ಧಾತು, ಈಶ್ವರ ಸಂವತ್ಸರಗಳ ಬರ ಎಂದು ನೆನಪಿನಲ್ಲಿ ಉಳಿದ ಆ ಎರಡು ವರ್ಷ ದಖ್ಖನ್ನಿನ ಬಯಲನ್ನೆಲ್ಲ ಹಿಂಡಿದವು. ಒಂದು ಕಡೆ ಕಾಳು ಇದ್ದರೂ ಹಸಿದ ಊರಿಗೆ ಮುಟ್ಟಿಸುವ ದಾರಿಯಿರಲಿಲ್ಲ. ಕಾಳು ಹೊರುವ ಎತ್ತುಗಳಿಗೇ ಮೇವಿಲ್ಲದಾಗ ಗಾಡಿ ಎಳೆಯುವವರು ಯಾರು? ಬರಪೀಡಿತ ಸೀಮೆಗೆ ಹಳಿ ಹಾಕಬೇಕು ಎಂಬ ಸರಕಾರದ ತೀರ್ಮಾನದ ಹಿಂದೆ ಈ ಸಾವುಗಳಿದ್ದವು. ಜೊತೆಗೇ ಹತ್ತಿಯ ಲೆಕ್ಕವೂ ಇತ್ತು. ಕರುಣೆ ಮತ್ತು ಕಾರಭಾರ ಎರಡೂ ಒಂದೇ ಸ್ಲೀಪರಿನ ಮೇಲೆ ಕೂತವು.

ಧಾರವಾಡದಿಂದ ನಡೆದ ಕಂಪನಿ

1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಬಯಲಿಗೆ ಮೀಟರ್ ಗೇಜಿನ ಹಳಿ ತಂದಿತು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಕರ್ನಾಟಕ ಕಾಲೇಜಿನ ಕಲ್ಲುಕಟ್ಟಡದಲ್ಲಿ ಪಾಠ ಕೇಳಿದವರೆಲ್ಲ ಕೂತದ್ದು ಆ ಕಂಪನಿಯ ಹಳೇ ಕಚೇರಿಯಲ್ಲೇ. ಹೋಟಗಿಯಿಂದ ಗದಗ, ಗದಗಿನಿಂದ ಹುಬ್ಬಳ್ಳಿ, ಅಲ್ಲಿಂದ ಒಂದು ಕವಲು ಲೋಂಡಾ, ಕ್ಯಾಸಲ್‌ರಾಕ್ ಕಡೆಗೆ, ಇನ್ನೊಂದು ಹರಿಹರದ ಕಡೆಗೆ. 1880ರ ದಶಕ ಮುಗಿಯುವ ಹೊತ್ತಿಗೆ ಪಡುವಣದ ಕವಲು ಗೋವೆಯ ಮುರಗಾಂವ ಬಂದರಿಗೆ ಸೇರಿತು. ತೆಂಕಣದ ಕವಲು 1889ರಲ್ಲಿ ಹರಿಹರದ ಬಳಿ ಬೆಂಗಳೂರು ಕಡೆಯ ಹಳಿಗೆ ಕೂಡಿತು. ಬಂದರಿನ ದಾರಿ ತೆರೆಯುತ್ತಲೇ ಕುಮಟೆಯ ಹತ್ತಿ ವ್ಯಾಪಾರ ಇಳಿಮುಖವಾಯಿತು. ಬಂದರು ಬಡವಾದರೂ ಹತ್ತಿಗೆ ಅಂಟಿದ ಅದರ ಹೆಸರು ಬಹುಕಾಲ ಉಳಿಯಿತು.

ತುಂಗಭದ್ರೆಯ ಮೇಲಿನ ಆ ಸೇತುವೆ ಎರಡು ಆಳ್ವಿಕೆಗಳ ನಡುವಿನದು. ಈ ದಂಡೆಯ ರಾಣೆಬೆನ್ನೂರು ಮುಂಬೈ ಪ್ರಾಂತದ್ದು, ಆ ದಂಡೆಯ ಹರಿಹರ ಮೈಸೂರು ಸಂಸ್ಥಾನದ್ದು. ನಡುವೆ ಸವಣೂರಿನಲ್ಲಿ ನವಾಬರ ಪುಟ್ಟ ಸಂಸ್ಥಾನ ಬೇರೆ. 1956ರ ನವೆಂಬರ್ 1ರಂದು ಈ ಕಡೆಯವರೂ ಆ ಕಡೆಯವರೂ ಒಂದೇ ರಾಜ್ಯದವರಾದರು. ಹಳಿ ಮಾತ್ರ ಆರು ದಶಕಕ್ಕೂ ಮೊದಲೇ ಅವರನ್ನು ಒಂದೇ ಡಬ್ಬಿಯಲ್ಲಿ ಕೂರಿಸಿತ್ತು. ಕಂಪನಿಯ ಹೆಸರುಗಳು ಬದಲಾಗುತ್ತ ಬಂದವು. 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು, ಕಚೇರಿ ಮದ್ರಾಸಿಗೆ ಹೋಯಿತು. 1951ರಲ್ಲಿ ದಕ್ಷಿಣ ರೈಲ್ವೆ. 2003ರಲ್ಲಿ ಹುಬ್ಬಳ್ಳಿಯೇ ಕೇಂದ್ರವಾಗಿ ನೈಋತ್ಯ ರೈಲ್ವೆ. ಧಾರವಾಡ ಬಿಟ್ಟ ದೊಡ್ಡ ಕಚೇರಿ ಮರಳಿ ಈ ಸೀಮೆಗೆ ಬರಲು ಹತ್ತಿರ ಹತ್ತಿರ ಶತಮಾನವೇ ಸರಿಯಬೇಕಾಯಿತು.

ಊರಿಲ್ಲದಲ್ಲೂ ಠೇಸನ್ ಯಾಕೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ದೊಡ್ಡ ಊರಿಗೆ ಠೇಸನ್ ಬಂತು ಅನ್ನುವುದು ಅರ್ಥವಾಗುತ್ತದೆ. ಹೊಲದ ನಡುವೆ, ಊರಿನಿಂದ ದೂರ, ಗಾಡಿಗೆ ಹತ್ತು ಜನ ಹತ್ತದ ಕಡೆಯೂ ಕಲ್ಲುಕಟ್ಟಡ, ಸಿಗ್ನಲ್ಲು, ಮೂರು ಪಾಳಿಯ ಸಿಬ್ಬಂದಿ ಯಾಕೆ?

ಕಾರಣ ಊರಿನದಲ್ಲ, ಹಳಿಯದು. ಒಂಟಿ ಹಳಿಯ ಮೇಲೆ ಎದುರುಬದುರು ಓಡುವ ಎರಡು ಗಾಡಿಗಳು ಎಲ್ಲಾದರೊಂದು ಕಡೆ ಒಂದಕ್ಕೊಂದು ದಾರಿ ಬಿಡಬೇಕು. ಅದಕ್ಕೆ ಬದಿಯಲ್ಲಿ ಇನ್ನೊಂದು ತುಂಡು ಹಳಿ ಬೇಕು, ಅದೇ ಲೂಪ್. ಇಂಥ ಜಾಗಗಳು ದೂರದೂರ ಇದ್ದರೆ ಕಾಯುವ ಹೊತ್ತು ಹೆಚ್ಚಿ ದಿನಕ್ಕೆ ಓಡುವ ಗಾಡಿಗಳೇ ಕಡಿಮೆಯಾಗುತ್ತವೆ. ಹಾಗಾಗಿ ಕೆಲವೇ ಮೈಲಿಗೊಂದರಂತೆ ಲೂಪ್ ಹಾಕಲೇಬೇಕು, ಅಲ್ಲಿ ಊರಿರಲಿ ಬಿಡಲಿ. ಹತ್ತಿರದ ಹಳ್ಳಿಯ ಹೆಸರನ್ನು ಫಲಕಕ್ಕೆ ಎರವಲು ತಂದರಾಯಿತು. ಉಗಿಯಂತ್ರದ ಬಾಯಾರಿಕೆ ಇನ್ನೊಂದು ಕಾರಣ: ಒಂದಷ್ಟು ದೂರಕ್ಕೊಮ್ಮೆ ನೀರು ತುಂಬದಿದ್ದರೆ ಎಂಜಿನ್ ಮುಂದೆ ಹೋಗದು. ಮೂರನೆಯದು ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲದ ಮೇಲೆ ಹಳಿ ನೆಟ್ಟಗಿರಬೇಕಾದರೆ ದಿನವೂ ಮೈಲಿ ಮೈಲಿ ನಡೆದು ನೋಡುವ ಕೀಮನ್ ಬೇಕು, ಜಲ್ಲಿ ಬಡಿದು ಕೂರಿಸುವ ಗ್ಯಾಂಗ್ ಬೇಕು, ಅವರಿಗೆ ಹತ್ತಿರದಲ್ಲೇ ಮನೆ ಬೇಕು.

ಆ ಕಾಲದ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಠೇಸನ್ ಮಾಸ್ತರರ ಕೋಣೆಯಲ್ಲಿ ಎರಡು ದಪ್ಪ ಪೆಟ್ಟಿಗೆಗಳು, ಒಂದು ಹಿಂದಿನ ಠೇಸನ್ನಿಗೆ ತಂತಿಯಲ್ಲಿ ಕೂಡಿದ್ದು, ಒಂದು ಮುಂದಿನದಕ್ಕೆ. ಮುಂದಿನ ಮಾಸ್ತರರು ಒಪ್ಪಿಗೆಯ ಗಂಟೆ ಬಾರಿಸಿದರೆ ಮಾತ್ರ ಪೆಟ್ಟಿಗೆ ಒಂದು ಲೋಹದ ಚೆಂಡನ್ನು ಉಗುಳುತ್ತದೆ. ಅದೇ ಟೋಕನ್. ಆ ಚೆಂಡು ಕೈಯಲ್ಲಿಲ್ಲದೆ ಡ್ರೈವರ್ ಮುಂದಿನ ತುಂಡು ಹಳಿಗೆ ಕಾಲಿಡುವಂತಿಲ್ಲ. ಒಂದು ಚೆಂಡು ಹೊರಗಿರುವಾಗ ಎರಡೂ ತುದಿಯ ಪೆಟ್ಟಿಗೆಗಳಿಂದ ಇನ್ನೊಂದು ಹೊರಬರುವುದಿಲ್ಲ. ಆದ್ದರಿಂದ ಒಂದು ತುಂಡಿನಲ್ಲಿ ಒಂದೇ ಗಾಡಿ. ನಿಲ್ಲದ ಮೇಲ್ ಗಾಡಿ ಬಂದರೆ ಪಾಯಿಂಟ್ಸ್‌ಮನ್ ಆ ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಕತ್ತಲಾಗಿದ್ದರೆ ಪಂಜು ಹಚ್ಚಿಕೊಂಡು, ಹಳಿಯಂಚಿಗೆ ತೋಳು ಚಾಚಿ ನಿಲ್ಲುತ್ತಿದ್ದ. ಎಂಜಿನ್ನಿನಿಂದ ಬಾಗಿದ ಕೈ ಹಳೇ ಬಳೆಯನ್ನು ಎಸೆದು ಹೊಸ ಬಳೆಯನ್ನು ಮೊಣಕೈಯಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿತ್ತು. ಒಂದು ಉಸಿರಿನ ಕೆಲಸ. ತಪ್ಪಿದರೆ ಗಾಡಿ ನಿಲ್ಲಬೇಕು, ಬಿದ್ದ ಚೆಂಡನ್ನು ಜಾಲಿಕಂಟಿಯಲ್ಲಿ ಹುಡುಕಬೇಕು. ಕರಜಗಿಯಂಥ ಠೇಸನ್ನಿನಲ್ಲಿ ಇಳಿಯುವವರು ಯಾರೂ ಇಲ್ಲದ ರಾತ್ರಿಯಲ್ಲೂ ದೀಪ ಉರಿಯುತ್ತಿದ್ದುದು ಈ ಚೆಂಡಿನ ಸಲುವಾಗಿ.

ದಾಖಲೆಯಲ್ಲಿ ಊರಲ್ಲದ ಊರು

ಇಂಥ ಠೇಸನ್ನಿನ ಸುತ್ತ ಒಂದು ಪುಟ್ಟ ಸಮಾಜ ಬೆಳೆಯಿತು. ಮಾಸ್ತರರ ಹೆಂಚಿನ ಮನೆ, ಪಾಯಿಂಟ್ಸ್‌ಮನ್ ಮತ್ತು ಗೇಟ್‌ಮನ್‌ಗಳ ಜೋಡಿಮನೆ, ಸ್ವಲ್ಪ ಅತ್ತ ಗ್ಯಾಂಗಿನವರ ಸಾಲುಮನೆ. ಕಚೇರಿ ಮದ್ರಾಸಿಗೆ ಹೋದ ಮೇಲೆ ತಮಿಳು, ತೆಲುಗು ಮಾತಿನ ಮಂದಿಯೂ ವರ್ಗವಾಗಿ ಬಂದರು. ಗ್ಯಾಂಗಿಗೆ ಸೇರಿದವರಲ್ಲಿ ಸುತ್ತಲಿನ ಹಳ್ಳಿಯವರೂ ಇದ್ದರು, ಭೂಮಿಯಿಲ್ಲದವರಿಗೆ ತಿಂಗಳ ಸಂಬಳ ತಂದುಕೊಟ್ಟ ಕೆಲಸ ಅದು. ಸಂಜೆ ಪ್ಯಾಸೆಂಜರ್ ಬರುವ ಹೊತ್ತಿಗೆ ಚಾದ ಅಂಗಡಿ, ಮಂಡಕ್ಕಿ, ಮೆಣಸಿನಕಾಯಿ ಬಜಿ. ಊರಿನವರಿಗೆ ಗಡಿಯಾರ ಅಂದರೆ ಗಾಡಿಯೇ.

ಆದರೆ ಕಂದಾಯದ ಕಾಗದದಲ್ಲಿ ಇದು ಊರೇ ಅಲ್ಲ. ನೆಲ ರೈಲ್ವೆಯದು, ಮನೆ ರೈಲ್ವೆಯದು, ನಲ್ಲಿ ನೀರೂ ರೈಲ್ವೆಯದು. ಪಂಚಾಯಿತಿ, ಗುಡಿ, ಜಾತ್ರೆ ಎಲ್ಲ ಇರುವುದು ಹೆಸರು ಎರವಲು ಕೊಟ್ಟ ಹಳ್ಳಿಯಲ್ಲಿ. ಇಲ್ಲಿ ಹುಟ್ಟಿದ ಮಗುವಿಗೆ ಹುಟ್ಟೂರು ಯಾವುದೆಂದು ಬರೆಸುವುದೂ ತುಸು ತಡವರಿಕೆಯ ಕೆಲಸ. ಅಪ್ಪನಿಗೆ ವರ್ಗವಾದರೆ ಮನೆಯ ಮುಂದೆ ನೆಟ್ಟ ನುಗ್ಗೆಗಿಡ ಮುಂದೆ ಬರುವವರಿಗೆ.

ಅಮೆರಿಕದ ಮಧ್ಯ ಬಯಲಿನಲ್ಲಿ ಇದರ ತಿರುವುಮುರುವು ನಡೆಯಿತು. ಅಲ್ಲಿ ರೈಲು ಕಂಪನಿಗಳು ಖಾಲಿ ಹುಲ್ಲುಗಾವಲಿನಲ್ಲಿ ಹಳಿ ಹಾಕಿ, ಅದರ ಬದಿಗೆ ಊರಿನ ನಕ್ಷೆ ಬರೆದು, ನಿವೇಶನ ಮಾರಿದವು. ನೆಬ್ರಾಸ್ಕದಲ್ಲಿ ಒಂದು ಸಾಲಿಗೆ ಅಕ್ಷರಮಾಲೆಯ ಕ್ರಮದಲ್ಲೇ ಹೆಸರಿಟ್ಟದ್ದುಂಟು: ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್. ಅವುಗಳಲ್ಲಿ ಎಷ್ಟೋ ಊರುಗಳು ಪುರಸಭೆಯ ಮಟ್ಟ ಮುಟ್ಟದೆ ಬರೀ ಹೆಸರಾಗಿ ಉಳಿದವು. ನಮ್ಮಲ್ಲೂ ರೈಲಿನಿಂದಲೇ ಬದುಕಿದ ಕ್ಯಾಸಲ್‌ರಾಕ್‌ನಂಥ ಜಾಗಗಳಿವೆ. ಆದರೆ ಹಾವೇರಿ ಬಯಲಿಗೆ ಹಳಿ ಬಂದಾಗ ನೆಲ ಖಾಲಿಯಿರಲಿಲ್ಲ. ಹಾವೇರಿಯ ಸಿದ್ಧೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಹಳಿ ಇಲ್ಲಿ ಊರುಗಳನ್ನು ಹೊಸದಾಗಿ ಹುಟ್ಟಿಸಲಿಲ್ಲ. ಇದ್ದವುಗಳ ನಡುವೆ ಬಾಚಣಿಗೆ ಆಡಿಸಿತು, ಕೆಲವು ಮೇಲೆದ್ದವು, ಕೆಲವು ಅಡಿಗೆ ಬಿದ್ದವು.

ಮೂರು ಪೇಟೆಗಳು, ಮೂರು ದಾರಿಗಳು

ಮೇಲೆದ್ದವುಗಳಲ್ಲಿ ಹೆಸರು ಜಗತ್ತಿಗೆ ಮುಟ್ಟಿದ್ದು ಬ್ಯಾಡಗಿಯದು. ವಾರದಲ್ಲಿ ಸೋಮವಾರ, ಗುರುವಾರ ಪೇಟೆ. ಹಂಗಾಮಿನಲ್ಲಿ ಪ್ರಾಂಗಣದ ತುಂಬ ಚೀಲಗಳ ಸಾಲು, ಬಾಯಿ ಬಿಚ್ಚಿದ ಚೀಲದಲ್ಲಿ ಕೆಂಪು ಮೆಣಸಿನಕಾಯಿ. ಖರೀದಿದಾರ ಹಿಡಿ ತುಂಬ ಕಾಯಿ ಎತ್ತಿ, ಒಂದನ್ನು ಮುರಿದು, ಬೀಜ ನೋಡಿ, ಸುಕ್ಕು ನೋಡಿ, ಬೆರಳಿಗೆ ಹತ್ತಿದ ಬಣ್ಣ ನೋಡಿ ಮನಸ್ಸಿನಲ್ಲೇ ದರ ಕಟ್ಟುತ್ತಾನೆ. ಒಳಗೆ ಕಾಲಿಟ್ಟ ಹೊಸಬ ಮೂರು ಸಲ ಸೀನಿದರೆ ಹಮಾಲರು ನಗುತ್ತಾರೆ. ಕಡ್ಡಿ, ಡಬ್ಬಿ ಎಂದು ಎರಡು ಬಗೆ, ಕಡ್ಡಿ ಉದ್ದ, ಡಬ್ಬಿ ಗಿಡ್ಡ ಮತ್ತು ದುಂಡು. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಓಲಿಯೋರೆಸಿನ್ ಆಗಿ ಹಿಂಡಿ ಆಹಾರಕ್ಕೂ ಸೌಂದರ್ಯಸಾಧನಗಳಿಗೂ ಬಳಸುತ್ತಾರೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ವಿಚಿತ್ರವೆಂದರೆ ಆ ಚೀಲಗಳ ಬಹುಪಾಲು ಬ್ಯಾಡಗಿ ಹೊಲಗಳದಲ್ಲ. ಗದಗ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬಂದದ್ದು. ಇವತ್ತು ಬರುವುದೂ ಲಾರಿಯಲ್ಲಿ. ಪುಣೆ–ಬೆಂಗಳೂರು ಹೆದ್ದಾರಿ ಬ್ಯಾಡಗಿಗೆ ಬರಲೇ ಇಲ್ಲ, ಮೋಟೆಬೆನ್ನೂರಿನಲ್ಲೇ ಹಾದುಹೋಯಿತು. ಹಳಿ ಊರಿಗೆ ಬಂತು, ಹೆದ್ದಾರಿ ಊರು ಬಿಟ್ಟಿತು, ಆದರೂ ಲಾರಿ ಹೆದ್ದಾರಿ ಇಳಿದು ಒಳಗೆ ಬರುತ್ತದೆ. ಯಾಕೆಂದರೆ ಇಲ್ಲಿ ಅಡತಿ ಅಂಗಡಿಯಿದೆ, ತೂಕವಿದೆ, ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈಗಳಿವೆ, ಶೀತಲಗೃಹಗಳಿವೆ, ಸಾಲ ಕೊಟ್ಟು ತೀರಿಸಿಕೊಳ್ಳುವ ತಲೆಮಾರುಗಳ ನಂಬಿಕೆಯಿದೆ. ಆ ನಂಬಿಕೆ ಬಿರಿದರೆ ಏನಾಗುತ್ತದೆಂಬುದನ್ನೂ 2024ರ ಮಾರ್ಚ್ 11ರಂದು ಕಂಡೆವು. ಬೆಲೆ ಕುಸಿದ ಸಿಟ್ಟಿನಲ್ಲಿ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಪೇಟೆಯನ್ನು ಹಿಡಿದು ನಿಲ್ಲಿಸಿರುವುದು ಹಳಿಯೂ ಅಲ್ಲ, ರಸ್ತೆಯೂ ಅಲ್ಲ, ದರದ ಮೇಲಿನ ಭರವಸೆ.

ಹಾವೇರಿಯದು ಬೇರೆ ಕತೆ. ಘಟ್ಟದ ಏಲಕ್ಕಿ ಇಲ್ಲಿಗೆ ಬಂದು, ತೊಳೆದು ಬೆಳ್ಳಗಾಗಿ, ಹೊರಗೆ ಹೋಗುತ್ತಿತ್ತು. ಏಲಕ್ಕಿ ವ್ಯಾಪಾರದ ಮೆರುಗು ಇಳಿದರೂ ಏಲಕ್ಕಿ ಹಾರ ಕಟ್ಟುವ ಕಸುಬು ಉಳಿದಿದೆ. ಊರಿಗೆ ಬಂದ ಗಣ್ಯರ ಕೊರಳಿಗೆ ಬೀಳುವುದು ಅದೇ ಹಾರ. 2023ರ ಜನವರಿಯಲ್ಲಿ ಇಲ್ಲಿ ನಡೆದ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೂ ಏಲಕ್ಕಿ ಕಂಪಿನ ಊರೆಂದೇ ಜನ ಬಂದರು. ಹಾವೇರಿ ಠೇಸನ್ನಿನ ಬಲ ಇರುವುದು ಅದಕ್ಕೆ ಬಂದು ಸೇರುವ ರಸ್ತೆಯಲ್ಲಿ. ಕುಮಟಾ, ಶಿರಸಿ, ಹಾನಗಲ್ಲ ಕಡೆಯಿಂದ ಬರುವ ದಾರಿ ಇಲ್ಲೇ ಮುಟ್ಟುತ್ತದೆ. ರೈಲಿಲ್ಲದ ಶಿರಸಿಯವರಿಗೆ ಹಾವೇರಿಯೇ ಠೇಸನ್. ಒಂದು ಕಾಲಕ್ಕೆ ಹತ್ತಿಗಾಡಿ ಘಟ್ಟಕ್ಕೆ ಇಳಿದ ದಾರಿಯಲ್ಲಿ ಈಗ ಘಟ್ಟದವರು ಗಾಡಿ ಹಿಡಿಯಲು ಏರಿ ಬರುತ್ತಾರೆ. 1997ರಲ್ಲಿ ಧಾರವಾಡ ಜಿಲ್ಲೆ ಒಡೆದಾಗ ಹಾವೇರಿ ಜಿಲ್ಲಾ ಕೇಂದ್ರವಾಯಿತು.

ಆದರೆ ಜಿಲ್ಲೆಯ ದೊಡ್ಡ ಊರು ಜಿಲ್ಲಾ ಕೇಂದ್ರವಲ್ಲ. 2011ರ ಜನಗಣತಿಯಲ್ಲಿ ರಾಣೆಬೆನ್ನೂರು ಲಕ್ಷ ದಾಟಿದ್ದರೆ ಹಾವೇರಿ 67 ಸಾವಿರದ ಆಸುಪಾಸಿನಲ್ಲಿತ್ತು. ಕಚೇರಿಗಳು ಒಂದು ಕಡೆ, ಕಾರಭಾರ ಇನ್ನೊಂದು ಕಡೆ. ಹತ್ತಿ, ಕಾಳು, ಮೇಡ್ಲೇರಿ ಕಡೆಯ ಕಂಬಳಿ, ಈಗ ಎಲ್ಲಕ್ಕೂ ಮಿಗಿಲಾಗಿ ಬೀಜ. 1972ರಲ್ಲಿ ಧಾರವಾಡದಲ್ಲಿ ಹತ್ತಿ ತಳಿವಿಜ್ಞಾನಿ ಕಟರಕಿಯವರು ವರಲಕ್ಷ್ಮಿ ಎಂಬ ಹತ್ತಿಯ ಸಂಕರ ತಳಿ ಹೊರತಂದರು, ಆಮೇಲೆ ಜಯಲಕ್ಷ್ಮಿ ಬಂತು. ಕೈಯಿಂದಲೇ ಹೂ ಬಿಚ್ಚಿ ಕ್ರಾಸಿಂಗ್ ಮಾಡಬೇಕಾದ ಈ ಬೀಜದ ಕೆಲಸವನ್ನು ಈ ಸೀಮೆ ಕಲಿತುಕೊಂಡಿತು, ಆಮೇಲೆ ಟೊಮೆಟೊ, ಬೆಂಡೆ, ಮೆಣಸಿನ ಬೀಜಕ್ಕೂ ಹಬ್ಬಿಸಿತು. ನದಿಯ ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂತು. ಹೆಸರು ಹರಿಹರದ್ದು, ನೆಲ ರಾಣೆಬೆನ್ನೂರು ತಾಲ್ಲೂಕಿನದು. ಹೆಸರು ಎರವಲು ತರುವ ಚಾಳಿ ಠೇಸನ್ನಿಗೆ ಮಾತ್ರ ಇದ್ದದ್ದಲ್ಲ.

ಫಲಕದ ಅಳತೆಗೆ ನಿಂತವು

ಕರಜಗಿಯನ್ನು ನೋಡಿ. ಮುಂಬೈ ಪ್ರಾಂತದ ಕಾಲದಲ್ಲಿ ಅದು ತಾಲ್ಲೂಕಿನ ಹೆಸರು. ಇಪ್ಪತ್ತನೆಯ ಶತಮಾನದ ಆರಂಭದ ಗ್ಯಾಸೆಟಿಯರಿನಲ್ಲಿ ತಾಲ್ಲೂಕು ಕರಜಗಿ, ಅದರ ಕಚೇರಿ ಹಾವೇರಿ. ಹೆಸರು ಒಂದು ಊರಿನಲ್ಲಿ, ಹಣೆಬರಹ ಇನ್ನೊಂದರಲ್ಲಿ. ಎರಡಕ್ಕೂ ಠೇಸನ್ ಸಿಕ್ಕಿತು. ಆದರೆ ಮಾಮಲೇದಾರರ ಕಚೇರಿ, ಕೋರ್ಟು, ಘಟ್ಟದ ದಾರಿ ಎಲ್ಲ ಹಾವೇರಿಯ ಪಾಲಾದ ಮೇಲೆ ಕರಜಗಿಗೆ ಉಳಿದದ್ದು ಕ್ರಾಸಿಂಗ್. ಕಾರಹುಣ್ಣಿಮೆಯ ಹೊತ್ತಿಗೆ ನಡೆಯುವ ಬಂಡಿ ಉತ್ಸವಕ್ಕೆ ಸುತ್ತಲಿನ ಮಂದಿ ಸೇರುತ್ತಾರೆ, ಆಗ ಊರು ಮತ್ತೆ ತಾಲ್ಲೂಕಿನಷ್ಟು ದೊಡ್ಡದು.

ದೇವರಗುಡ್ಡಕ್ಕೂ ಅಷ್ಟೇ, ವರ್ಷಕ್ಕೊಮ್ಮೆ ಕಳೆ. ಗುಡ್ಡದ ಮೇಲೆ ಮೈಲಾರಲಿಂಗ, ಮಾಲತೇಶ. ಆಯುಧಪೂಜೆಯ ಹೊತ್ತಿಗೆ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿ ಕಾರಣಿಕ ನುಡಿಯುತ್ತಾನೆ. ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳಿದ ಆ ಒಂದು ಮಾತಿನಲ್ಲಿ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಹುಡುಕುತ್ತ ಮನೆಗೆ ಹೋಗುತ್ತಾರೆ. ಠೇಸನ್ ಇದ್ದದ್ದರಿಂದ ಜಾತ್ರೆ ಹುಟ್ಟಲಿಲ್ಲ. ಜಾತ್ರೆ ಇದ್ದದ್ದರಿಂದ ಆ ಫಲಕಕ್ಕೆ ಒಂದು ಅರ್ಥ ಬಂತು.

ಚಳಗೇರಿಯದು ನಗು ತರಿಸುವ ಪಾಡು. ಊರಿನ ಹಳಿಯ ಮೇಲೆ ಎಕ್ಸ್‌ಪ್ರೆಸ್ಸುಗಳು ಕಣ್ಣೆತ್ತಿ ನೋಡದೆ ಓಡುತ್ತವೆ. ಅದೇ ಊರಿನ ಹೆದ್ದಾರಿಯಲ್ಲಿ ಟೋಲ್ ನಾಕಾ ಇದೆ, ಪ್ರತಿ ಕಾರೂ ಅಲ್ಲಿ ವೇಗ ತಗ್ಗಿಸಿ ದುಡ್ಡು ಕೊಟ್ಟು ಹೋಗಲೇಬೇಕು. ರೈಲು ನಿಲ್ಲಿಸದ ಊರಿನ ಹೆಸರನ್ನು ಟೋಲ್ ರಸೀದಿ ನಾಡಿಗೆಲ್ಲ ಹಂಚುತ್ತಿದೆ.

ಹಳಿ ಕಿತ್ತವರ ಹೆಸರು ಹಳಿಗೆ

ಈ ದಾರಿಯ ಕತೆಯಲ್ಲಿ 1942 ಬಿಟ್ಟರೆ ಲೆಕ್ಕ ತಪ್ಪುತ್ತದೆ. ಸರಕಾರಕ್ಕೆ ಹಳಿ ಎಂದರೆ ಹತ್ತಿಯ ದಾರಿ ಮಾತ್ರವಲ್ಲ, ಪೊಲೀಸರ ದಾರಿ, ತಂತಿಯ ದಾರಿ. ಚಲೇಜಾವ್ ಚಳವಳಿಯಲ್ಲಿ ಧಾರವಾಡ ಜಿಲ್ಲೆಯ ತರುಣರು ತಂತಿ ಕತ್ತರಿಸಿದರು, ಠೇಸನ್, ಅಂಚೆ, ಚಾವಡಿಗಳ ಮೇಲೆ ಬಿದ್ದರು. ಅವರ ಮುಂಚೂಣಿಯಲ್ಲಿದ್ದವರು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. 1911ರಲ್ಲಿ ಹುಟ್ಟಿದವರು, 1930ರ ದಂಡಿಯಾತ್ರೆಯಲ್ಲಿ ಹದಿಹರೆಯದಲ್ಲೇ ಗಾಂಧೀಜಿಯ ಜೊತೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಗುಡಿಯಲ್ಲಿಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ತೀರಿಕೊಂಡರು. ಹಾವೇರಿಯಲ್ಲಿ ಅವರ ನೆನಪಿಗೆ ವೀರಸೌಧವಿದೆ, ಹಾವೇರಿ ನಿಲ್ದಾಣಕ್ಕೂ ಈಗ ಮಹಾದೇವಪ್ಪನವರದೇ ಹೆಸರು. ಅಂದು ಪರಕೀಯರ ಕೈಯೆಂದು ಹೊಡೆತ ತಿಂದ ಠೇಸನ್, ಹೊಡೆದವರ ಹೆಸರನ್ನು ಹಣೆಯ ಮೇಲೆ ಬರೆದುಕೊಂಡಿದೆ. ಹಳಿ ನಮ್ಮದಾದ ಬಗೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಕಾಯಿದೆಯೂ ಹೇಳಲಾರದು.

ಅಗಲವಾದ ಹಳಿ, ಕಿರಿದಾದ ನಿಲುಗಡೆ

ಮೀಟರ್ ಗೇಜಿಗೆ ಒಂದು ಹುಟ್ಟುದೋಷವಿತ್ತು. ಹಾವೇರಿಯಲ್ಲಿ ತುಂಬಿದ ಸರಕನ್ನು ಪುಣೆಯಲ್ಲೋ ಹೋಟಗಿಯಲ್ಲೋ ಇಳಿಸಿ ದೊಡ್ಡ ಹಳಿಯ ವ್ಯಾಗನ್ನಿಗೆ ಮತ್ತೆ ಏರಿಸಬೇಕಿತ್ತು. ಎರಡು ಸಲದ ಹಮಾಲಿ, ಎರಡು ಸಲದ ಸೋರಿಕೆ, ನಡುವೆ ದಿನಗಟ್ಟಲೆ ಕಾಯುವಿಕೆ. ಮನೆಬಾಗಿಲಲ್ಲಿ ತುಂಬಿ ಮುಂಬೈ ಬಾಗಿಲಲ್ಲಿ ಇಳಿಸುವ ಲಾರಿ ಬಂದಾಗ ವ್ಯಾಪಾರಿ ಯಾಕೆ ಕಾದಾನು? 1990ರ ದಶಕದ ನಡುವಿನಲ್ಲಿ ಈ ದಾರಿ ಬ್ರಾಡ್ ಗೇಜ್ ಆಗುವ ಹೊತ್ತಿಗೆ ಸರಕು ಬಹುಮಟ್ಟಿಗೆ ರಸ್ತೆಗೆ ಇಳಿದಾಗಿತ್ತು. ಹಳಿಯ ಅಗಲ ಒಂದು ಮೀಟರಿನಿಂದ 1.676 ಮೀಟರಾಯಿತು, ದೂರದ ಗಾಡಿಗಳು ಬಂದವು, ಹುಬ್ಬಳ್ಳಿ, ದಾವಣಗೆರೆ ಕಾಲೇಜುಗಳಿಗೆ ಪಾಸಿನ ಮೇಲೆ ಓಡಾಡುವ ಹುಡುಗ ಹುಡುಗಿಯರು ಹೆಚ್ಚಿದರು. ಮೂರು ಪೇಟೆಗಳಿಗೆ ಲಾಭವೇ ಆಯಿತು.

ಸಣ್ಣ ಠೇಸನ್‌ಗಳಿಗೆ ಬಿದ್ದ ಏಟು ಬೇರೆ ಬಗೆಯದು. ಉಗಿಯಂತ್ರ ಹೋದಾಗ ನೀರಿನ ಕಾರಣ ಹೋಯಿತು. ವಿದ್ಯುತ್ ಸಿಗ್ನಲ್ ಬಂದಾಗ ಟೋಕನ್ನಿನ ಕಾರಣ ಹೋಯಿತು. ಹುಬ್ಬಳ್ಳಿ–ಚಿಕ್ಕಜಾಜೂರು ದಾರಿ ಹಂತಹಂತವಾಗಿ ಜೋಡಿ ಹಳಿಯಾದ ಮೇಲೆ ಕ್ರಾಸಿಂಗಿನ ಕಾರಣವೂ ಹೋಯಿತು. ಠೇಸನ್ನನ್ನು ಎತ್ತಿ ನಿಲ್ಲಿಸಿದ್ದ ಈ ಮೂರು ಕಂಬಗಳು ಕಳಚಿದ ಮೇಲೆ ಉಳಿದದ್ದು ಪ್ಯಾಸೆಂಜರ್ ಗಾಡಿಯ ನಿಲುಗಡೆ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ದೇಶದ ಗಾಡಿಗಳೆಲ್ಲ ನಿಂತಾಗ ಸಣ್ಣ ಊರಿನವರಿಗೆ ಅದರ ಬೆಲೆ ತಿಳಿಯಿತು. 2023ರ ಜೂನ್ 27ರಂದು ಧಾರವಾಡ–ಬೆಂಗಳೂರು ವಂದೇ ಭಾರತ್ ಶುರುವಾದಾಗ ಹುಬ್ಬಳ್ಳಿ ಬಿಟ್ಟರೆ ಅದರ ಮುಂದಿನ ನಿಲುಗಡೆ ದಾವಣಗೆರೆ. ಜಿಲ್ಲಾ ಕೇಂದ್ರವೇ ಕಿಟಕಿಯಾಚೆ ಸರಿದುಹೋದಾಗ ಕರಜಗಿಯ ಮಾತೆಲ್ಲಿ ಬಂತು? ಇತ್ತ ನಿಲುಗಡೆ ಕಿರಿದಾಗುತ್ತಿದ್ದರೆ ಅತ್ತ ಅದೇ ವರ್ಷದ ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ, ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರಂ ಉದ್ಘಾಟನೆಯಾಗಿತ್ತು.

ಮುಂದಿನ ಕವಲು

ಈಗ ಹೊಸ ಹಳಿಯ ಕೆಲಸ ನಡೆದಿದೆ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಸುಮಾರು ನೂರು ಕಿಲೋಮೀಟರಿನ ದಾರಿ. ಅದು ಮುಗಿದರೆ ರಾಣೆಬೆನ್ನೂರು ಜಂಕ್ಷನ್. ಗದಗಿನಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ಇನ್ನೊಂದು ದಾರಿಯ ಯೋಜನೆಯಿದೆ. ಆಗ ಯಲವಿಗಿಗೂ ಜಂಕ್ಷನ್ ಪಟ್ಟ. ಹೊಸ ದಾರಿಯಲ್ಲಿ ಹೊಸ ಸಣ್ಣ ಠೇಸನ್‌ಗಳೂ ಏಳುತ್ತವೆ, ಅವಕ್ಕೂ ಹಳ್ಳಿಗಳ ಹೆಸರು ಬೀಳುತ್ತದೆ. ಹಳೇ ದಾರಿಯ ಪಾಠವನ್ನು ಆ ಹಳ್ಳಿಗಳು ಈಗಲೇ ಓದಿಕೊಳ್ಳುವುದು ಒಳ್ಳೆಯದು.

ಪಾಠ ಇಷ್ಟು. ಹಳಿ ತನ್ನ ಅಗತ್ಯಕ್ಕೆ ಕಟ್ಟಿದ್ದನ್ನು ತನ್ನ ಅಗತ್ಯ ತೀರಿದಾಗ ಬಿಟ್ಟು ನಡೆಯುತ್ತದೆ. ಊರು ತನ್ನ ಅಗತ್ಯವನ್ನು ಠೇಸನ್ನಿಗೆ ಕಟ್ಟಿಹಾಕಿದ್ದರೆ ಮಾತ್ರ ಅಲ್ಲಿ ಗಾಡಿ ನಿಲ್ಲುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನು ಕಟ್ಟಿತು, ಹಾವೇರಿ ಘಟ್ಟದ ದಾರಿಯನ್ನು ಕಟ್ಟಿತು, ರಾಣೆಬೆನ್ನೂರು ಬೀಜದ ಚೀಲವನ್ನು ಕಟ್ಟಿತು. ಅವುಗಳ ಸರಕೆಲ್ಲ ಲಾರಿ ಹತ್ತಿದರೂ ಜನ ಠೇಸನ್ನಿಗೆ ಬರುತ್ತಾರೆ. ಕರಜಗಿ, ದೇವರಗುಡ್ಡ, ಚಳಗೇರಿಗಳಿಗೆ ಕಟ್ಟಲು ಸಿಗುವುದು ಇನ್ನು ಒಂದೇ: ಹುಬ್ಬಳ್ಳಿಗೋ ದಾವಣಗೆರೆಗೋ ದಿನಾ ಹೋಗಿ ಬರುವ ಕೂಲಿ, ಕಾಲೇಜು, ಆಸ್ಪತ್ರೆಯ ಓಡಾಟ. ಜೋಡಿ ಹಳಿಯಿಂದ ತೆರವಾದ ಹೊತ್ತಿನಲ್ಲಿ ಬೆಳಿಗ್ಗೆ ಸಂಜೆ ಎಲ್ಲ ಠೇಸನ್ನಿನಲ್ಲೂ ನಿಲ್ಲುವ ಗಾಡಿಗಳನ್ನು ಹೆಚ್ಚಿಸುವುದು, ಊರಿನಿಂದ ಠೇಸನ್ನಿಗೆ ಆ ಸಮಯಕ್ಕೊಂದು ಬಸ್ಸು ಬಿಡುವುದು ಆಕಾಶ ಇಳಿಸುವ ಕೆಲಸವಲ್ಲ.

ಕ್ರಾಸಿಂಗಿನ ಕಾಲದಲ್ಲಿ ಗಾಡಿ ಸಣ್ಣ ಠೇಸನ್ನಿನಲ್ಲಿ ನಿಂತದ್ದು ಊರಿನ ಮೇಲಿನ ಪ್ರೀತಿಗಲ್ಲ, ಎದುರುಗಾಡಿಯ ದಾಕ್ಷಿಣ್ಯಕ್ಕೆ. ಆದರೂ ನಿಂತ ಆ ಹತ್ತು ನಿಮಿಷದಲ್ಲಿ ಯಾರೋ ಬಜಿ ಕೊಂಡರು, ಯಾರೋ ನೆಂಟರನ್ನು ಇಳಿಸಿಕೊಂಡರು, ಯಾರೋ ಹುಬ್ಬಳ್ಳಿಯ ಸುದ್ದಿ ಕೇಳಿದರು. ಈಗ ಗಾಡಿಗೆ ನಿಲ್ಲಲೇಬೇಕಾದ ಹಂಗಿಲ್ಲ. ಮಾಸ್ತರರ ಬಾಗಿಲ ಮುಂದೆ ನಿಂತ ಯಜಮಾನರ ಪ್ರಶ್ನೆ ಮಾತ್ರ ತಿರುವುಮುರುವಾಗಿದೆ: “ಯಾಕ್ರೀ ಮಾಸ್ತರ, ಗಾಡಿ ನಿಲ್ಲವಲ್ದು?”